ಪದವಿ ಪ್ರವೇಶಕ್ಕೆ ಯುಯುಸಿಎಂಎಸ್: ಅರ್ಜಿ ಹಾಕಲು ಸಾಕು, ವಿಷಯ ಆರಿಸಲು ಸಾಲದು

ಪಿಯು ಫಲಿತಾಂಶ ಬಂದ ಮೇಲೆ ಉತ್ತರ ಕನ್ನಡದಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿಸಿಎ ಎಂದು ಹೊರಟವರು ಬಹುಪಾಲು ಹಾಯಬೇಕಾದದ್ದು ಉನ್ನತ ಶಿಕ್ಷಣ ಇಲಾಖೆಯ ಯುಯುಸಿಎಂಎಸ್ ಜಾಲತಾಣವನ್ನು. ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ದಿವೇಕರ ಕಾಮರ್ಸ್ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ, ಕುಮಟೆಯ ಬಾಳಿಗಾ, ಹೊನ್ನಾವರದ ಎಸ್‌ಡಿಎಂ, ಶಿರಸಿಯ ಎಂ.ಎಂ. ಕಾಲೇಜು, ಇವೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಹಾಗಾಗಿ ಇಲ್ಲಿ ಎರಡನ್ನು ಒಟ್ಟಿಗೇ ಅಳೆಯಬೇಕಾಗುತ್ತದೆ. ಒಂದು ಜಾಲತಾಣ, ಇನ್ನೊಂದು ಅದರ ಹಿಂದೆ ಕೂತಿರುವ ಕಾಲೇಜಿನ ಪ್ರವೇಶ ಸಮಿತಿ. ಒಂದನ್ನು ಬಿಟ್ಟು ಇನ್ನೊಂದರಿಂದ ಕೆಲಸ ಪೂರ್ತಿಯಾಗುವುದಿಲ್ಲ.

ಅರ್ಜಿ ತುಂಬುವುದು, ದಾಖಲೆ ಏರಿಸುವುದು, ಮೀಸಲಾತಿ ನಮೂದಿಸುವುದು, ಇಷ್ಟಕ್ಕೆ ಜಾಲತಾಣಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ವಿಷಯ ಆಯ್ಕೆಯ ಪುಟಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು. ಅಲ್ಲಿ ಕಾಂಬಿನೇಶನ್‌ಗಳ, ಅಂದರೆ ಒಟ್ಟಿಗೆ ಓದಬೇಕಾದ ಮುಖ್ಯ ವಿಷಯಗಳ ಗುಂಪುಗಳ ಪಟ್ಟಿ ಇರುತ್ತದೆ. ಅದರಲ್ಲಿ ಯಾವುದನ್ನು ಆರಿಸಿದರೆ ಮೂರು ವರ್ಷದ ನಂತರ ಯಾವ ದಾರಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಸುಳಿವು ಮಾತ್ರ ಇರುವುದಿಲ್ಲ. ಹದಿನೇಳು ಹದಿನೆಂಟರ ಮಗು ಸೈಬರ್ ಸೆಂಟರಿನ ಕುರ್ಚಿಯಲ್ಲಿ ಕೂತು, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಅಷ್ಟು ದೊಡ್ಡ ನಿರ್ಧಾರವನ್ನು ಒಂದು ಕ್ಲಿಕ್ಕಿನಲ್ಲಿ ಮುಗಿಸುತ್ತದೆ. ಈ ಬರಹದ ಹೆಚ್ಚಿನ ಪಾಲು ಆ ಕ್ಲಿಕ್ಕಿಗೇ ಮೀಸಲು.

ಮೊದಲು ದಾಖಲೆಗಳ ಮಾತು ಮುಗಿಸೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ ನೋಂದಾಯಿಸಿ. ನಮ್ಮ ಕಡೆ ಹೆಗಡೆ, ಭಟ್ಟ, ನಾಯ್ಕ, ಗೌಡ, ತಾಂಡೇಲ ಎಂಬ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಸಾಮಾನ್ಯ. ನಾಯ್ಕ ಎಂಬ ಒಂದೇ ಹೆಸರಿಗೆ ಇಂಗ್ಲಿಷ್‌ನಲ್ಲಿ ಎರಡು ಮೂರು ಕಾಗುಣಿತ ಚಾಲ್ತಿಯಲ್ಲಿವೆ. ಆಧಾರ್‌ನಲ್ಲಿ ಬೇರೆಯಾಗಿದ್ದರೆ ಅರ್ಜಿಗೂ ಮೊದಲೇ ತಿದ್ದಿಸಿಕೊಳ್ಳಿ. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ ಅರ್ಜಿಯಲ್ಲಿ ಇದೇ ವ್ಯತ್ಯಾಸ ಮತ್ತೆ ತಲೆ ಎತ್ತುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಆರ್‌ಡಿ ಎಂದು ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಅದರಲ್ಲಿ ಒಂದಂಕಿ ತಪ್ಪಿದರೂ ಮಾಹಿತಿ ತೆರೆಯುವುದಿಲ್ಲ. 2ಎ, 2ಬಿ, 3ಎ, 3ಬಿ ವರ್ಗದವರ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಗೆ ಬರುವ ಹೊತ್ತಿಗೆ ಮುಗಿದಿರಬಹುದು, ದಿನಾಂಕ ನೋಡಿಕೊಳ್ಳಿ. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಲು ಫಲಿತಾಂಶದ ತನಕ ಕಾಯಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಾಗೇ ಏರಿಸಲು ಹೋದರೆ ಗಾತ್ರ ಮಿತಿ ಮೀರುತ್ತದೆ. ಸ್ಕ್ಯಾನ್ ಮಾಡಿ ಪಿಡಿಎಫ್ ಇಟ್ಟುಕೊಂಡು ನಿಮ್ಮ ಮೇಲ್‌ಗೇ ಒಂದು ಪ್ರತಿ ಕಳಿಸಿಕೊಂಡರೆ ಯಾವ ಊರಿನಲ್ಲಿ ಕೂತರೂ ಸಿಗುತ್ತದೆ. ಇನ್ನೊಂದು ಮುಖ್ಯ ಮಾತು: ನೋಂದಣಿಗೆ ಕೊಡುವ ಮೊಬೈಲ್ ಸಂಖ್ಯೆ ಮತ್ತು ಪಾಸ್‌ವರ್ಡ್ ಮೂರು ವರ್ಷವೂ ನಿಮ್ಮ ಕೈಯಲ್ಲಿರಬೇಕು. ಸೈಬರಿನವರ ನಂಬರು ಕೊಟ್ಟರೆ ಪ್ರತಿ ಸೆಮಿಸ್ಟರಿನ ಪರೀಕ್ಷಾ ಅರ್ಜಿಗೂ ಓಟಿಪಿಗಾಗಿ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ.

ಕೈಗಾ ಟೌನ್‌ಶಿಪ್ ಕಡೆಯ ಸಿಬಿಎಸ್‌ಇ ಮಕ್ಕಳಿಗೆ, ಗಡಿಯಾಚೆ ಗೋವಾ ಬೋರ್ಡಿನಲ್ಲಿ ಹನ್ನೆರಡನೆಯದು ಮುಗಿಸಿ ಕಾರವಾರಕ್ಕೆ ಬರುವವರಿಗೆ ಒಂದು ಹೆಚ್ಚಿನ ಕೆಲಸವಿದೆ. ಹಳೆಯ ಮಂಡಳಿಯಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕು, ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ಪಡೆಯಬೇಕು. ಇದನ್ನು ಪ್ರವೇಶದ ವಾರವೇ ಶುರು ಮಾಡಿ. ಇಲ್ಲದಿದ್ದರೆ ಮೊದಲ ಸೆಮಿಸ್ಟರಿನ ಪರೀಕ್ಷಾ ಅರ್ಜಿಯ ಹೊತ್ತಿಗೆ ಓಡಾಟ ಶುರುವಾಗುತ್ತದೆ.

ಇನ್ನು ವಿಷಯಗಳಿಗೆ ಬರೋಣ. ಅಣ್ಣ ಅಕ್ಕಂದಿರ ಸಲಹೆ ಕೇಳುವ ಮುನ್ನ ಅವರು ಯಾವ ವರ್ಷ ಸೇರಿದ್ದರು ಎಂದು ಕೇಳಿ. 2021-22ರಿಂದ ಮೂರು ವರ್ಷ ಸೇರಿದವರು ಓದಿದ್ದು ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ. ಎರಡು ಮುಖ್ಯ ವಿಷಯ, ಓಪನ್ ಇಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸುವ ಪತ್ರಿಕೆ), ಬೇಕಾದರೆ ನಾಲ್ಕನೆಯ ವರ್ಷ, ಇದು ಅವರ ಲೆಕ್ಕ. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಬಿ.ಎ., ಬಿ.ಎಸ್ಸಿ.ಗಳಲ್ಲಿ ಮತ್ತೆ ಮೂರು ಮುಖ್ಯ ವಿಷಯ, ಜೊತೆಗೆ ಎರಡು ಭಾಷೆ, ಅದರ ಮೇಲೆ ಸಂವಿಧಾನ, ಪರಿಸರ ಅಧ್ಯಯನದಂಥ ಕಡ್ಡಾಯ ಪತ್ರಿಕೆಗಳು. ಅಕ್ಕ ಕೆಮಿಸ್ಟ್ರಿ, ಜುವಾಲಜಿ ಎರಡೇ ಓದಿದ್ದಳು ಎಂದು ತಂಗಿ ಹಾಗೇ ಹೋದರೆ ಮೂರನೆಯ ವಿಷಯದ ಖಾನೆಯ ಮುಂದೆ ತಡವರಿಸುತ್ತಾಳೆ. ಆ ಮೂರನೆಯದನ್ನು ಆತುರದಲ್ಲಿ ತುಂಬಿದವರಿಗೇ ಮುಂದೆ ಹೆಚ್ಚು ತೊಂದರೆ.

ಕರ್ನಾಟಕ ವಿಶ್ವವಿದ್ಯಾಲಯದ (ಕವಿವಿ) ದೊಡ್ಡ ಪಟ್ಟಿಯಲ್ಲಿರುವ ಎಲ್ಲ ಕಾಂಬಿನೇಶನ್ ಎಲ್ಲ ಕಾಲೇಜಿನಲ್ಲೂ ಸಿಗುವುದಿಲ್ಲ. ಕಾಲೇಜಿಗೆ ಯಾವುದಕ್ಕೆ ಮಂಜೂರಾತಿ ಇದೆಯೋ ಅಷ್ಟೇ. ಮಂಜೂರಾತಿ ಇದ್ದೂ ಆ ವರ್ಷ ಮಕ್ಕಳು ಬೆರಳೆಣಿಕೆಯಷ್ಟಾದರೆ ವಿಭಾಗ ನಡೆಸದಿರುವುದೂ ಉಂಟು. ಅದಕ್ಕೇ ಜಾಲತಾಣ ತೆರೆಯುವ ಮೊದಲು ಕಾಲೇಜಿಗೆ ಹೋಗಿ ಅಥವಾ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಈ ಕಾಂಬಿನೇಶನ್ ಈ ವರ್ಷ ನಡೆಯುತ್ತದೆಯೇ? ಮೂರೂ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ, ಅತಿಥಿ ಉಪನ್ಯಾಸಕರೇ? ಹೋದ ವರ್ಷ ಎಷ್ಟು ಪರ್ಸೆಂಟಿಗೆ ಸೀಟು ನಿಂತಿತು? ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯ ಪಾಠ ಮಾಡುವವರಿದ್ದಾರೆ. ಆದರೆ ಅವರ ನೇಮಕಾತಿ ತಡವಾದ ವರ್ಷ ಮೊದಲ ತಿಂಗಳ ಪಾಠ ಹಾಳಾಗುವುದು ಆ ಮಕ್ಕಳಿಗೇ.

ಆಯ್ಕೆ ಮಾಡುವ ಕ್ರಮ ಹಿಂದಿನಿಂದ ಮುಂದಕ್ಕೆ ಇರಲಿ. ಮೂರು ವರ್ಷದ ನಂತರ ಎಲ್ಲಿರಬೇಕು ಎಂಬುದನ್ನು ಒಂದೆರಡು ಉತ್ತರಕ್ಕೆ ಇಳಿಸಿ, ಆ ಜಾಗ ಯಾವ ವಿಷಯ ಕೇಳುತ್ತದೆ ನೋಡಿ, ಆಮೇಲೆ ಅದಕ್ಕೆ ಪಿಯುನಲ್ಲಿ ಏನು ಓದಿರಬೇಕು ನೋಡಿ. ಉದಾಹರಣೆಗೆ ಕಾರವಾರದ ಕೋಡಿಬಾಗದಲ್ಲಿ ಕವಿವಿಯದೇ ಸಾಗರ ಜೀವಶಾಸ್ತ್ರ ವಿಭಾಗವಿದೆ. ಕರಾವಳಿಯ ಮಗುವಿಗೆ ಮನೆ ಬಾಗಿಲಲ್ಲೇ ಎಂ.ಎಸ್ಸಿ. ಆದರೆ ಅಲ್ಲಿಗೆ ಬೇಕಾದದ್ದು ಜೀವವಿಜ್ಞಾನದ ತಳಪಾಯ. ಬಿ.ಎಸ್ಸಿ.ಯಲ್ಲಿ ಜುವಾಲಜಿ ಇಟ್ಟುಕೊಂಡು ಬಂದರೆ ದಾರಿ ನೇರ, ಪಿಸಿಎಂ (ಭೌತ, ರಸಾಯನ, ಗಣಿತ) ತೆಗೆದುಕೊಂಡವರಿಗೆ ಆ ಬಾಗಿಲು ಇಲ್ಲ. ಇನ್ನೂ ಒಂದು ಮೆಟ್ಟಿಲು ಹಿಂದೆ ಹೋದರೆ, ಪಿಯುನಲ್ಲಿ ಪಿಸಿಎಂಸಿ (ಪಿಸಿಎಂ ಜೊತೆ ಕಂಪ್ಯೂಟರ್ ಸೈನ್ಸ್) ಓದಿದವರು ಜೀವಶಾಸ್ತ್ರವನ್ನೇ ಓದಿರುವುದಿಲ್ಲ, ಹಾಗಾಗಿ ಅವರಿಗೆ ಸಿಬಿಜಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಸಿಗುವುದಿಲ್ಲ. ಪಿಸಿಎಂಬಿ (ಪಿಸಿಎಂ ಜೊತೆ ಜೀವಶಾಸ್ತ್ರ) ಓದಿದವರಿಗೆ ಎರಡೂ ಕಡೆ ಅವಕಾಶವಿದೆ. ಅವರಿಗೇ ಈ ಪುಟದಲ್ಲಿ ಹೆಚ್ಚು ಗೊಂದಲ, ಏಕೆಂದರೆ ಗಣಿತ ಅಥವಾ ಜೀವಶಾಸ್ತ್ರ, ಎರಡರಲ್ಲೊಂದನ್ನು ಅಲ್ಲೇ ಬಿಡಬೇಕು. ನೀಟ್ ಅಂಕ ಕೈಕೊಟ್ಟಿತು ಎಂಬ ಬೇಸರದಲ್ಲಿ ಜೀವಶಾಸ್ತ್ರವನ್ನೇ ಬಿಟ್ಟು ಪಿಸಿಎಂಗೆ ಹಾರುವ ಮಕ್ಕಳಿದ್ದಾರೆ. ಪಿಯುನಲ್ಲಿ ಇಂಟಿಗ್ರೇಶನ್ ಅನ್ನು ಬಾಯಿಪಾಠ ಮಾಡಿ ದಾಟಿದವರಿಗೆ ಬಿ.ಎಸ್ಸಿ. ಗಣಿತ ಮೊದಲ ಸೆಮಿಸ್ಟರಿನಲ್ಲೇ ಭಾರವಾಗುತ್ತದೆ. ಬೇಸರ ಇಳಿಯಲು ಒಂದು ವಾರ ಕೊಟ್ಟು ಆಮೇಲೆ ಆರಿಸಿ.

ಭೌತಶಾಸ್ತ್ರ ಬೇಕು ಎನ್ನುವವರು ಗಣಿತವನ್ನು ಜೊತೆಯಲ್ಲೇ ಇಟ್ಟುಕೊಳ್ಳಿ. ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲೇ ವೆಕ್ಟರ್, ಡಿಫರೆನ್ಶಿಯೇಶನ್ ಬರುತ್ತವೆ. ಗಣಿತದ ತರಗತಿ ಇದ್ದವರು ಅದನ್ನು ಎರಡು ಕಡೆ ಕಲಿಯುತ್ತಾರೆ, ಇಲ್ಲದವರು ಭೌತಶಾಸ್ತ್ರದ ಅಧ್ಯಾಪಕರು ಹಲಗೆಯ ಮೇಲೆ ಓಡಿಸಿದ ಎರಡು ಸಾಲಿನಲ್ಲೇ ಹಿಡಿಯಬೇಕು. ಎಂ.ಎಸ್ಸಿ. ಭೌತಶಾಸ್ತ್ರದ ಪ್ರವೇಶಕ್ಕೆ ಹೋದಾಗಲೂ ಗಣಿತದ ಮಾತು ಬಂದೇ ಬರುತ್ತದೆ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಕಾಂಬಿನೇಶನ್ ಈಗ ಎಲ್ಲರ ಕಣ್ಣಿಗೂ ಬಿದ್ದಿದೆ. ಸಾಫ್ಟ್‌ವೇರ್, ಎಂಸಿಎ ಕಡೆಗೆ ಹೋಗುವವರಿಗೆ ಅದು ಒಳ್ಳೆಯ ಆಯ್ಕೆಯೇ. ಆದರೆ ಅದರಲ್ಲಿ ಕೆಮಿಸ್ಟ್ರಿ ಇಲ್ಲ. ಮಾಸ್ತರಿಕೆಯ ಆಸೆ ಇದ್ದವರು ಇಲ್ಲಿ ನಿಂತು ಯೋಚಿಸಬೇಕು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ ಹುದ್ದೆಗಳನ್ನು ಪಿಸಿಎಂ, ಸಿಬಿಜಡ್ ಎಂದು ವಿಂಗಡಿಸಿಯೇ ಕರೆಯುತ್ತಾರೆ. ಹಿಂದಿನ ನೇಮಕಾತಿಯ ಅಧಿಸೂಚನೆ ಇಳಿಸಿಕೊಂಡು, ಅರ್ಹತೆಯ ಕಾಲಮ್ಮಿನಲ್ಲಿ ಯಾವ ಯಾವ ವಿಷಯದ ಹೆಸರಿದೆ ಎಂದು ಪೆನ್ನು ಹಿಡಿದು ಗುರುತು ಹಾಕಿ, ಅದಕ್ಕೆ ನಿಮ್ಮ ಮೂರು ವಿಷಯ ಹೊಂದುತ್ತದೆಯೇ ನೋಡಿ. ಅರ್ಧ ಗಂಟೆಯ ಕೆಲಸ, ಆದರೂ ಮಾಡುವವರು ಕಡಿಮೆ.

ಬಿ.ಇಡ್.ಗೂ ಇದೇ ಲೆಕ್ಕ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45 ಅಂಕ ಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಎರಡು ಶಾಲಾ ವಿಷಯಗಳ ಬೋಧನಾ ಪದ್ಧತಿ ಆರಿಸಬೇಕು, ಅವೆರಡೂ ಪದವಿಯಲ್ಲಿ ಓದಿದ್ದರ ಮೇಲೇ ನಿಲ್ಲುತ್ತವೆ ಎಂಬುದನ್ನು ಹೇಳುವವರು ಕಡಿಮೆ. ಬಿ.ಎ.ಯಲ್ಲಿ ಮನಃಶಾಸ್ತ್ರ, ಪತ್ರಿಕೋದ್ಯಮದಂತೆ ಮೂರನ್ನೂ ಶಾಲೆಯ ಪಾಠಪಟ್ಟಿಯಲ್ಲಿ ಇಲ್ಲದವನ್ನೇ ಆರಿಸಿದರೆ ಬಿ.ಇಡ್. ಹೊತ್ತಿಗೆ ಇಕ್ಕಟ್ಟು. ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದಲ್ಲಿ ಒಂದೆರಡು, ಜೊತೆಗೆ ಐಚ್ಛಿಕ ಕನ್ನಡವೋ ಇಂಗ್ಲಿಷೋ ಇದ್ದರೆ ಕೈ ಬಿಚ್ಚಿ ಓಡಾಡಬಹುದು. ಐಚ್ಛಿಕ ಕನ್ನಡ ಬೇರೆ, ಎಲ್ಲರೂ ಓದುವ ಭಾಷಾ ಕನ್ನಡ ಬೇರೆ. ಪುಟದಲ್ಲಿ ಎರಡೂ ಕನ್ನಡ ಎಂದೇ ಕಾಣುತ್ತದೆ, ಒಂದು ಭಾಷೆಯ ಖಾನೆಯಲ್ಲಿ, ಇನ್ನೊಂದು ಮುಖ್ಯ ವಿಷಯದ ಖಾನೆಯಲ್ಲಿ. ಎಂ.ಎ. ಕನ್ನಡಕ್ಕೆ ಹೋಗಬೇಕೆಂದಿರುವ ಮಗು ಭಾಷೆಯ ಖಾನೆ ತುಂಬಿ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಬಿ.ಎ. ಸೇರಲು ಪಿಯು ಯಾವ ವಿಭಾಗವಾದರೂ ನಡೆಯುತ್ತದೆ, ವಿಜ್ಞಾನದವರೂ ಬರಬಹುದು. ಭೂಗೋಳ ತೆಗೆದುಕೊಂಡರೆ ಪ್ರಾಯೋಗಿಕ ತರಗತಿ ಇರುತ್ತದೆ, ನಕ್ಷೆ ಬಿಡಿಸುವ ತಾಳ್ಮೆ ಬೇಕು. ಅರ್ಥಶಾಸ್ತ್ರದಲ್ಲಿ ಮುಂದೆ ಸಂಖ್ಯಾಶಾಸ್ತ್ರದ ಲೆಕ್ಕ ಬರುತ್ತದೆ. ಲೆಕ್ಕ ತಪ್ಪಿಸಿಕೊಳ್ಳಲೆಂದೇ ಬಿ.ಎ.ಗೆ ಬಂದವರಿಗೆ ಇದು ಮೊದಲೇ ತಿಳಿದಿರಲಿ.

ಬಿ.ಕಾಂ.ಗೆ ವಿಜ್ಞಾನ, ಕಲಾ ವಿಭಾಗದವರಿಗೂ ಪ್ರವೇಶವಿದೆ. ಮೊದಲ ಸೆಮಿಸ್ಟರಿನ ಫೈನಾನ್ಶಿಯಲ್ ಅಕೌಂಟಿಂಗ್ ಮಾತ್ರ ಅವರಿಗಾಗಿ ಕಾಯುವುದಿಲ್ಲ. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಗೊತ್ತಿದೆ ಎಂದಿಟ್ಟುಕೊಂಡೇ ಪಾಠ ಮುಂದೆ ಹೋಗುತ್ತದೆ. ಪ್ರವೇಶಕ್ಕೂ ತರಗತಿಗೂ ನಡುವೆ ಸಿಗುವ ವಾರಗಳಲ್ಲಿ ಪ್ರಥಮ ಪಿಯು ಲೆಕ್ಕಶಾಸ್ತ್ರದ ಪುಸ್ತಕ ಹಿಡಿದು, ಡೆಬಿಟ್ ಕ್ರೆಡಿಟ್ ನಿಯಮದಿಂದ ಟ್ರಯಲ್ ಬ್ಯಾಲೆನ್ಸ್ ತನಕ ಲೆಕ್ಕ ಬಿಡಿಸಿ. ಓದುವುದರಿಂದ ಇದು ಬರುವುದಿಲ್ಲ, ಖಾತೆಯ ಗೆರೆ ಎಳೆದು ಬರೆದರೇ ಬರುವುದು.

ಬಿಸಿಎ ಬಗ್ಗೆ ಒಂದು ಎಚ್ಚರಿಕೆ. ಪಿಯು ಕಾಮರ್ಸ್‌ನಲ್ಲಿರುವ ಬೇಸಿಕ್ ಮ್ಯಾಥ್ಸ್ ಮತ್ತು ವಿಜ್ಞಾನ ವಿಭಾಗದ ಮ್ಯಾಥಮ್ಯಾಟಿಕ್ಸ್ ಎರಡು ಬೇರೆ ವಿಷಯ. ಅರ್ಹತೆಯ ಸಾಲಿನಲ್ಲಿ ಗಣಿತ ಎಂದಿದ್ದರೆ ನಿಮ್ಮದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕಾಲೇಜಿನಲ್ಲಿ ಅಂಕಪಟ್ಟಿ ತೋರಿಸಿಯೇ ಕೇಳಿ. ಸೀಟು ಸಿಕ್ಕ ಮೇಲೂ ಸೆಟ್ ಥಿಯರಿ, ಮ್ಯಾಟ್ರಿಕ್ಸ್, ಲಾಜಿಕ್ ಬಾರದೆ ಬಿಸಿಎ ಮುಗಿಯುವುದಿಲ್ಲ. ಎಂಸಿಎಗೆ ಪಿಯು ಅಥವಾ ಪದವಿಯಲ್ಲಿ ಗಣಿತ ಓದಿರಬೇಕೆಂದು ಕೇಳುತ್ತಾ ಬಂದಿದ್ದಾರೆ. 2024-25ರಿಂದ ಬಿಸಿಎ, ಬಿಬಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಅಡಿಯಲ್ಲಿ ಬಂದಿವೆ. ಸೇರುವ ಕಾಲೇಜಿಗೆ ಆ ವರ್ಷದ ಅನುಮೋದನೆ ಇದೆಯೇ ಎಂದೂ ಕೇಳಬಹುದು, ಕೇಳಲು ಸಂಕೋಚ ಬೇಡ.

ನಮ್ಮ ಜಿಲ್ಲೆಯಲ್ಲಿ ವಿಷಯ ಆರಿಸುವಾಗ ಬಸ್ಸಿನ ವೇಳೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಮೂರೂ ವಿಷಯಕ್ಕೆ ಪ್ರಾಯೋಗಿಕ ಇರುವ ಬಿ.ಎಸ್ಸಿ.ಯಲ್ಲಿ ವಾರದ ಹಲವು ಮಧ್ಯಾಹ್ನಗಳು ಲ್ಯಾಬಿನಲ್ಲೇ. ಟೈಟ್ರೇಶನ್ ಅರ್ಧಕ್ಕೆ ಬಿಟ್ಟು ಬಸ್ಸಿಗೆ ಓಡಲಾಗುವುದಿಲ್ಲ. ಬ್ಯುರೆಟ್ಟಿನ ಅಳತೆ ಮೂರು ಸಲ ಒಂದೇ ಬರುವ ತನಕ ನಿಲ್ಲಬೇಕು. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಿಂದ ಶಿರಸಿಗೆ, ಕದ್ರಾ ಕಡೆಯಿಂದ ಕಾರವಾರಕ್ಕೆ ಬರುವವರು ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ, ಲ್ಯಾಬು ಮುಗಿಯುವುದು ಎಷ್ಟಕ್ಕೆ ಎಂದು ಎರಡನ್ನೂ ಪಕ್ಕ ಪಕ್ಕ ಬರೆದು ನೋಡಲಿ. ಹೊಂದದಿದ್ದರೆ ಹಾಸ್ಟೆಲ್ ಅರ್ಜಿಯನ್ನು ಪ್ರವೇಶದ ಜೊತೆಯಲ್ಲೇ ಹಾಕಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚು ಇಲ್ಲ, ಆದರೆ ಬಸ್ಸಿನ ವೇಳೆ ಹಳೆಯದೇ. ಹಾಜರಿ ಶೇ. 75 ಇರಬೇಕು. ಮಳೆಗಾಲದ ರಜೆಗಳಲ್ಲಿ ತಪ್ಪಿದ ಪ್ರಾಯೋಗಿಕಗಳನ್ನು ಕಾಲೇಜು ಮತ್ತೆ ಇಟ್ಟುಕೊಡುತ್ತದೆಯೇ ಎಂಬುದೂ ಕೇಳತಕ್ಕ ಪ್ರಶ್ನೆ.

ಅರ್ಜಿಯ ಕಾಲವೂ ಮಳೆಯ ಕಾಲವೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲೆ ಕುಮಟೆ ನಡುವಿನ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ದೇವಿಮನೆ, ಅರಬೈಲು ಘಟ್ಟಗಳ ಸ್ಥಿತಿ ಎಲ್ಲರಿಗೂ ಗೊತ್ತು. ಕರೆಂಟು, ನೆಟ್ ಎರಡೂ ಹೋಗುವ ದಿನಗಳಿವು. ಕೊನೆಯ ದಿನಾಂಕಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಸಲ್ಲಿಸಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಹಣ ಕಟ್ಟುವಾಗ ನೆಟ್ ನಿಂತು ಹಣ ಹೋಗಿ ರಸೀದಿ ಬಾರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ವ್ಯವಹಾರದ ಸಂಖ್ಯೆ ಬರೆದಿಟ್ಟುಕೊಂಡು, ಸ್ಥಿತಿ ಏನಾಗಿದೆ ಎಂದು ಮರುದಿನ ನೋಡಿ, ಆಮೇಲೆ ಕಾಲೇಜಿನ ಕಚೇರಿಯಲ್ಲಿ ತೋರಿಸಿ.

ಯುಯುಸಿಎಂಎಸ್‌ನಲ್ಲಿ ಎಲ್ಲವೂ ಸಿಗುತ್ತದೆ ಎಂದು ತಿಳಿದು ಶಿರಸಿಯ ಅರಣ್ಯ ಮಹಾವಿದ್ಯಾಲಯವನ್ನು ಅಲ್ಲಿ ಹುಡುಕುವವರಿದ್ದಾರೆ. ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, ಸೀಟನ್ನು ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ, ಪಿಯುನಲ್ಲಿ ಜೀವಶಾಸ್ತ್ರ ಇರಬೇಕು, ಸಿಇಟಿಯಲ್ಲಿ ಆ ಪತ್ರಿಕೆ ಬರೆದಿರಬೇಕು. ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೂ ಕೆಇಎ ದಾರಿಯೇ. ಅದಕ್ಕೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಐಚ್ಛಿಕ ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲು ವರ್ಗಗಳಿಗೆ ಶೇ. 40 ಬೇಕು, ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೆಇಎ ಸುತ್ತುಗಳು ಮುಗಿಯುವ ತನಕ ಕಾಯುತ್ತಾ ಕೂತರೆ ಪದವಿಯ ಸೀಟು ಹೋಗುತ್ತದೆ. ಹಾಗಾಗಿ ಬಹಳ ಜನ ಎರಡೂ ಕಡೆ ಕಾಲಿಡುತ್ತಾರೆ, ಅದು ಸರಿಯೇ. ಆದರೆ ಪದವಿ ಕಾಲೇಜಿಗೆ ಮೂಲ ದಾಖಲೆ ಒಪ್ಪಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಟಿಸಿಯ ಎರಡು ನಕಲು ಇಟ್ಟುಕೊಂಡು, ಕೆಇಎ ಸೀಟು ಬಂದರೆ ಮೂಲ ದಾಖಲೆ ಎಷ್ಟು ದಿನದಲ್ಲಿ ವಾಪಸ್ ಸಿಗುತ್ತದೆ, ಶುಲ್ಕದಲ್ಲಿ ಎಷ್ಟು ಮರಳುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಪ್ರವೇಶ ಸಮಿತಿಯ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಜಿಲ್ಲೆಯ ಕಾಲೇಜುಗಳಲ್ಲಿ ವಿಷಯದ ಅಧ್ಯಾಪಕರೇ ಈ ಮೇಜಿನಲ್ಲಿ ಕೂರುತ್ತಾರೆ. ಪೋಷಕರು ಅವರನ್ನು ಫಾರ್ಮು ತೆಗೆದುಕೊಳ್ಳುವವರೆಂದು ಭಾವಿಸಿ ಸುಮ್ಮನೆ ಕಾಗದ ಕೊಟ್ಟು ಬರುತ್ತಾರೆ. ‘ಸರ್, ಇವಳಿಗೆ ಮುಂದೆ ಹೀಗೆ ಮಾಡಬೇಕೆಂದಿದೆ, ಈ ಕಾಂಬಿನೇಶನ್ ಸರಿಯೇ?’ ಎಂದು ಒಂದು ಮಾತು ಕೇಳಿದರೆ ಜಾಲತಾಣ ಕೊಡದ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ಸಂದಣಿ ಇರುವ ಬೆಳಗ್ಗೆ ಬೇಡ, ಊಟದ ನಂತರ ಹೋಗಿ. ಆದರೂ ಒಂದು ಎಚ್ಚರ ಇರಲಿ: ಮಕ್ಕಳು ಕಡಿಮೆ ಇರುವ ವಿಭಾಗಕ್ಕೆ ಕರೆಯುವ ಒತ್ತಡ ಅಧ್ಯಾಪಕರ ಮೇಲೂ ಇರುತ್ತದೆ. ಒಬ್ಬರನ್ನು ಕೇಳುವ ಬದಲು ಇಬ್ಬರನ್ನು ಕೇಳಿ, ಅವರಲ್ಲಿ ಒಬ್ಬರು ನಿಮ್ಮ ಪಿಯು ಉಪನ್ಯಾಸಕರಾಗಿರಲಿ.

ತಪ್ಪಾಗಿ ಆರಿಸಿದ್ದು ತಿಳಿದರೆ ಆ ದಿನವೇ ಪ್ರಾಚಾರ್ಯರ ಹೆಸರಿಗೆ ಅರ್ಜಿ ಬರೆದುಕೊಡಿ. ಮೊದಲ ಕೆಲವು ವಾರ, ಸೀಟು ಖಾಲಿ ಇದ್ದರೆ, ಕಾಂಬಿನೇಶನ್ ಬದಲಾವಣೆಗೆ ದಾರಿ ಇರುತ್ತದೆ. ತರಗತಿಯಲ್ಲಿ ಹೋಗಿ ಕೂತ ಮಾತ್ರಕ್ಕೆ ವಿಷಯ ಬದಲಾಗುವುದಿಲ್ಲ, ಕಾಲೇಜಿನ ಲಾಗಿನ್‌ನಲ್ಲಿ ಅದು ತಿದ್ದುಪಡಿಯಾಗಬೇಕು. ಏಕೆಂದರೆ ಪ್ರವೇಶದಲ್ಲಿ ದಾಖಲಾದ ವಿಷಯಗಳೇ ಮುಂದೆ ಪರೀಕ್ಷಾ ಅರ್ಜಿಗೆ ಬರುತ್ತವೆ, ಹಾಲ್ ಟಿಕೆಟ್ಟಿನಲ್ಲೂ ಅವೇ ಅಚ್ಚಾಗುತ್ತವೆ. ಸಂಸ್ಕೃತ ಓದುತ್ತಿರುವವರ ಅರ್ಜಿಯಲ್ಲಿ ಹಿಂದಿ ಎಂದಿರುವ ಎಡವಟ್ಟು ಹುಟ್ಟುವುದು ಇಲ್ಲಿಯೇ. ಆದ್ದರಿಂದ ಮೊದಲ ಸೆಮಿಸ್ಟರಿನ ಪರೀಕ್ಷಾ ಅರ್ಜಿ ತೆರೆದ ದಿನ, ಶುಲ್ಕ ಕಟ್ಟುವ ಮೊದಲು, ಮೂರು ಮುಖ್ಯ ವಿಷಯ, ಎರಡು ಭಾಷೆ, ಕಡ್ಡಾಯ ಪತ್ರಿಕೆ, ಪ್ರಾಯೋಗಿಕಗಳ ಹೆಸರನ್ನು ನಿಮ್ಮ ವೇಳಾಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಪ್ರಿಂಟ್ ಹಿಡಿದು ಅಂದೇ ಕಚೇರಿಗೆ ಹೋಗಿ. ಕೊನೆಯ ದಿನಾಂಕ ದಾಟಿದ ಮೇಲೆ ತಿದ್ದುಪಡಿಯ ಕಡತ ಧಾರವಾಡಕ್ಕೆ ಹೋಗಿ ಬರಬೇಕಾಗುತ್ತದೆ.